ಗುರ್ ಅನ್ನದ ನಾಯಿ

ನಮ್ಮನೆ ಬ್ರೂನೋ, ಅಡಿಕೆ ಕೊಯ್ಯಲು ಬಂದ ಕೊನೆಗಾರನನ್ನು ಕಚ್ಚಿದ್ದು ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ತೀರ್ಥಹಳ್ಳಿ ಕಡೆಯ ಚಳಿ ಗೊತ್ತಲ್ಲ, ಏಳೂವರೆ ಆದರೂ ತೋಟದ ಮೇಲಿನ ಇಬ್ಬನಿ ಎದ್ದಿರಲಿಲ್ಲ. ಅವನು ದಣಪೆ ದಾಟಿ ಬಂದು, ದೋಟಿಯನ್ನು ಗೋಡೆಗೆ ಒರಗಿಸಿ, "ಗೌಡ್ರೇ, ನಾಯಿ ಕಟ್ಟೀರಲ್ವಾ?" ಅಂದ. "ಕಟ್ಟಿದೀನಿ, ಬಾರೋ ಮಾರಾಯ" ಅಂದೆ. ಕಟ್ಟಿದ್ದು ನಿಜ. ಸರಪಳಿಯ ಕೊಂಡಿ ಸವೆದಿದೆ ಅಂತ ಒಂದು ವಾರದಿಂದ ನೋಡುತ್ತಾ, ಪೇಟೆಗೆ ಹೋದಾಗ ತಂದರಾಯ್ತು ಅಂತ ಸುಮ್ನೆ ಇದ್ದದ್ದೂ ನಿಜ.

ಕೊಂಡಿ ಕಿತ್ತುಬಂತು. ನಾಯಿ ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಸೀದಾ ಹೋಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ರಾಟ್‌ವೀಲರ್ ಅದು, 46 ಕೆಜಿ. ನಾನು ಓಡಿ ಕೊರಳಪಟ್ಟಿ ಹಿಡಿದು ತಿರುಚಿದ ಮೇಲೆ ಬಿಟ್ಟಿತು.

ಅಮ್ಮ ಅರಿಶಿನ, ಕಾಫಿಪುಡಿ ಎರಡೂ ಹಿಡಿದುಕೊಂಡು ಬಂದಳು. ನನ್ನ ಹೆಂಡತಿ ತಡೆದಳು. ಬಚ್ಚಲಿನ ನಲ್ಲಿ ಕೆಳಗೆ ಅವನ ಕಾಲಿಟ್ಟು ಸೋಪು ಹಚ್ಚಿ ಕಾಲು ಗಂಟೆ ತೊಳೆದಳು, ನೀರು ಕೆಂಪಾಗಿ ಹೋಗುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ತೊಳೆದದ್ದೇ ಒಳ್ಳೆಯದಾಯ್ತು ಅಂದರು. ಗಾಯದ ಸುತ್ತ ಸೀರಮ್ ಕೊಟ್ಟರು, ಲಸಿಕೆಗೆ ಮತ್ತೆ 3, 7, 28ನೇ ದಿನ ಬರಬೇಕು ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, ನಾಯಿಗೆ ರೇಬಿಸ್ ಲಸಿಕೆ ಆಗಿದೆಯಾ? ಮರಿಯಲ್ಲಿ ಹಾಕಿಸಿದ್ದೆ. ವರ್ಷ ವರ್ಷ ಹಾಕಿಸಬೇಕಾದದ್ದು ಮರೆತಿದ್ದೆ. ಕೊನೆಗಾರ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದ.

ಹತ್ತು ದಿನ ನಾಯಿಯ ಮೇಲೆ ನಿಗಾ ಇಡಬೇಕಿತ್ತು. ನೋಡಲು ಬಂದ ಪಶುವೈದ್ಯರ ಹತ್ತಿರ ನಾನು ದೂರು ಶುರು ಮಾಡಿದೆ. "ಇದು ತಲೆ ಮೇಲೆ ಹತ್ತಿ ಕೂತಿದೆ ಸಾರ್, ಈ ಜಾತಿನೇ ಹಾಗಂತೆ."

"ಮೊದಲೂ ಗುರ್ ಅನ್ನದೇ ಕಚ್ಚಲು ಬರ್ತಿತ್ತಾ?"

"ಇಲ್ಲ ಸಾರ್, ಮರಿಯಿದ್ದಾಗ ತಟ್ಟೆ ಹತ್ತಿರ ಹೋದರೆ ಗುರ್ ಅಂತಿತ್ತು. ಆ ಚಟ ಬಿಡಿಸಿದೆ."

ಬಿಡಿಸಿದ್ದು ಹೇಗೆ ಅಂತ ಕೇಳಿದರು. ಶಿವಮೊಗ್ಗದ ಗೆಳೆಯನೊಬ್ಬ ಹೇಳಿಕೊಟ್ಟಿದ್ದ: ಯಜಮಾನ ಯಾರು ಅಂತ ಮೊದಲೇ ತೋರಿಸಬೇಕು, ಗುರ್ ಅಂದರೆ ನೆಲಕ್ಕೆ ಕೆಡವಿ ಕುತ್ತಿಗೆ ಒತ್ತಿ ಹಿಡಿಯಬೇಕು, ಜಗ್ಗದಿದ್ದರೆ ಎರಡು ಬಿಡಬೇಕು. ಹಾಗೇ ಮಾಡಿದ್ದೆ. ಒಂದು ತಿಂಗಳಲ್ಲಿ ಗುರ್ ನಿಂತಿತ್ತು, ಬಂದವರ ಹತ್ತಿರ ಹೇಳಿಕೊಂಡು ಮೆರೆದಿದ್ದೆ ಬೇರೆ.

ಅವರು ಬೈಯಲಿಲ್ಲ. "ತೋಟದಲ್ಲಿ ನಾಗರಹಾವು ಬುಸುಗುಟ್ಟಿದರೆ ಹಿಂದೆ ಸರೀತೀರಲ್ವಾ ಗೌಡ್ರೇ? ಬುಸುಗುಟ್ಟದ ಹಾವು ಬೇಕಾ ನಿಮಗೆ?" ಅಂದರು. ಭಯವಾದರೆ, ಹತ್ತಿರ ಬರಬೇಡ ಅನ್ನಲಿಕ್ಕೆ ಬ್ರೂನೋಗೆ ಇದ್ದದ್ದು ಗುರ್ ಅನ್ನೋ ಆ ಒಂದು ಮಾತು. ಭಯ ಹಾಗೇ ಉಳಿಯಿತು, ಮಾತನ್ನು ಮಾತ್ರ ನಾನು ಹೊಡೆದು ಬಿಡಿಸಿದ್ದೆ.

ರಾತ್ರಿ ಕೂತು ಓದಿದೆ. ಈ ಯಜಮಾನಿಕೆಯ ಕಥೆ ಹುಟ್ಟಿದ್ದು ಹೆಚ್ಚಾಗಿ ಬೇಲಿಯೊಳಗೆ ಕೂಡಿಹಾಕಿದ ತೋಳಗಳನ್ನು ನೋಡಿ. 1947ರಲ್ಲಿ ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದದ್ದು ಅಂಥ ತೋಳಗಳ ಬಗ್ಗೆ. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಅಂತ ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಬರೆದರು. ನಾನು ಮರಿಯ ಕುತ್ತಿಗೆ ಒತ್ತುತ್ತಿದ್ದದ್ದು ಅದಾಗಿ ಇಪ್ಪತ್ತು ವರ್ಷ ಮೇಲೆ!

ಅದನ್ನು ತಂದ ಹೊತ್ತೂ ಸರಿಯಿರಲಿಲ್ಲ. ಮರಿ ಹೊಸ ಮುಖ, ಹೊಸ ಸದ್ದಿಗೆ ಹೊಂದಿಕೊಳ್ಳುವ ವಯಸ್ಸು ಸುಮಾರು 3ರಿಂದ 14 ವಾರ. ನಾವು ತಂದದ್ದು ಜೂನ್‌ನಲ್ಲಿ. ನಮ್ಮಲ್ಲಿ ಜೂನ್ ಹಿಡಿದ ಮಳೆ ಬಿಡುವ ಹೊತ್ತಿಗೆ ಗಣಪತಿ ಹಬ್ಬ ಹತ್ತಿರ ಬಂದಿರುತ್ತದೆ, ಅಲ್ಲಿಯವರೆಗೆ ಒಂಟಿ ಮನೆಗೆ ಯಾರು ಬರುತ್ತಾರೆ? ಅದು ನೋಡಿದ್ದು ನಮ್ಮ ಮೂವರನ್ನು, ಕೊಟ್ಟಿಗೆಯ ದನಗಳನ್ನು. ಮಳೆ ಬಿಟ್ಟ ಮೇಲೆ ಹಗಲೆಲ್ಲ ಸರಪಳಿ, ರಾತ್ರಿ ತೋಟಕ್ಕೆ. ಊರುನಾಯಿಗೆ ಮಾಡುವ ಹಾಗೇ ಮಾಡಿದೆವು. ಜರ್ಮನಿಯ ರಾಟ್‌ವೈಲ್ ಊರಲ್ಲಿ ಕಟುಕರ ದನ ಹೊಡೆದುಕೊಂಡು ಹೋಗುತ್ತಿದ್ದ ಜಾತಿ ಅದು. ಅಂಥದ್ದನ್ನು ತೆಂಗಿನ ಮರಕ್ಕೆ ಕಟ್ಟಿ ಹಾಕಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 23 ತಳಿ ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತ್ತು, ಅದರಲ್ಲಿ ಇದೂ ಇತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿದಾಗ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಗೆದ್ದದ್ದು ನಾನೇ ಅನ್ನೋ ಹಾಗೆ. ಲಸಿಕೆಯ ಚೀಟಿ ಆಗಲೂ ಕಪಾಟಿನಲ್ಲೇ ಇತ್ತು.

ಕೊನೆಗಾರನ ಭಾವ ಕೇಸ್ ಹಾಕೋಣ ಅಂದನಂತೆ. ಹಾಕಬಹುದಿತ್ತು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಸಾಕುಪ್ರಾಣಿಯನ್ನು ಹತೋಟಿಯಲ್ಲಿಡದೆ ಉಡಾಫೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅವನು ಹಾಕಲಿಲ್ಲ. ಔಷಧಿ ಖರ್ಚು, ಕೂಲಿ ಎಲ್ಲ ಕೊಟ್ಟೆ, ತಗೊಂಡ. ಆದರೆ ಆ ವರ್ಷ ನಮ್ಮ ತೋಟಕ್ಕೆ ಕಾಲಿಡಲಿಲ್ಲ, ಬೇರೆ ಕೊನೆಗಾರರೂ ಬರಲಿಲ್ಲ. ಅರ್ಧ ಅಡಿಕೆ ಮರದಲ್ಲೇ ಹಣ್ಣಾಗಿ ಗೋಟಾಯಿತು.

ಆಮೇಲಿನದ್ದು ನಿಧಾನದ ಕೆಲಸ. ಕಬ್ಬಿಣದ ಬಲೆಯ ದೊಡ್ಡ ಗೂಡು, ಎರಡು ಬಾಗಿಲು. ದಿನಾ ಎರಡು ಹೊತ್ತು ಬೆಲ್ಟ್ ಹಾಕಿ ನಡಿಗೆ. ಬಾಯಿಗೆ ಜಾಳಿಗೆ ಹಾಕಿಸಿಕೊಳ್ಳಲು ಕಲಿಯಲಿಕ್ಕೇ ಮೂರು ವಾರ ಮತ್ತು ಎಷ್ಟೋ ಬೇಯಿಸಿದ ಮೊಟ್ಟೆ ಹೋಯಿತು. ಎತ್ತಿಗೆ ಕುಕ್ಕೆ ಕಟ್ಟಿದ ಹಾಗಿದೆ ಅಂತ ಅಮ್ಮನಿಗೆ ನಗು. ಹಾಲಿನ ಹುಡುಗ ದಣಪೆಯ ಆಚೆಯೇ ನಿಂತರೆ ಇದಕ್ಕೊಂದು ಚೂರು ಮೊಟ್ಟೆ, ಅವನು ಒಂದು ಹೆಜ್ಜೆ ಹತ್ತಿರ ಬಂದರೆ ಇನ್ನೊಂದು. ಎಷ್ಟೋ ದಿನ ಆ ಒಂದು ಹೆಜ್ಜೆಯೂ ಆಗುತ್ತಿರಲಿಲ್ಲ.

ಈ ಸಲ ಕೊಯ್ಲಿಗೆ ಕೊನೆಗಾರ ಬಂದ. ದಣಪೆಯ ಆಚೆಯೇ ನಿಂತ. ಬೆಲ್ಟ್ ನನ್ನ ಕೈಯಲ್ಲಿತ್ತು, ಬ್ರೂನೋ ಅವನನ್ನು ನೋಡಿ ಗಂಟಲಲ್ಲೇ ಗುರ್ ಅಂದಿತು. ಎಷ್ಟು ವರ್ಷದ ಮೇಲೆ! ಜಗಲಿಯಿಂದ ಅಮ್ಮ, "ಒಂದು ಬಿಡೋ ಅದಕ್ಕೆ" ಅಂದಳು. ನಾನು ಅದನ್ನು ಹಿಂದೆ ಕರೆದುಕೊಂಡು ಹೋಗಿ ಗೂಡಿಗೆ ಹಾಕಿದೆ.

"ಈಗ ಬರ್ಲಾ ಗೌಡ್ರೇ?"

"ತಡಿ ಮಾರಾಯ, ಹೊರಗಿನ ಚಿಲಕ ಇನ್ನೂ ಹಾಕಿಲ್ಲ."