ಅವರೆ ಸಾಲಿಗೆ ಬಂದ ಮೊಲ

ಕಡೂರಿನ ಹೊರವಲಯದ ನಮ್ಮ ಹಿತ್ತಿಲಿನಲ್ಲಿ ಕಳೆದ ಶ್ರಾವಣದಲ್ಲಿ ಅವರೆ ಬಿತ್ತಿದ್ದೆ. ಮೊಳೆತು ನಾಲ್ಕೆಲೆ ಬಿಡುವಷ್ಟರಲ್ಲಿ, ಒಂದು ಬೆಳಿಗ್ಗೆ ನೋಡಿದರೆ ಎರಡು ಸಾಲಿನ ಗಿಡಗಳೆಲ್ಲ ನೆಲದಿಂದ ಎರಡಿಂಚು ಎತ್ತರಕ್ಕೆ ಮೋಟಾಗಿ ನಿಂತಿದ್ದವು. ಬೀಡಾಡಿ ಹಸುವಿನ ಕೆಲಸವೆಂದುಕೊಂಡು ಗೇಟಿಗೆ ಹೊಸ ಚಿಲಕ ಹಾಕಿಸಿದ್ದು ನನ್ನ ಮೊದಲ ದಡ್ಡತನ. ಪಕ್ಕದ ತೋಟದ ಹಿರಿಯರು ಒಂದು ಮೋಟನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು, “ಹಸು ಮೇಯ್ದ್ರೆ ಹಿಂಗೆ ಚಾಕಲ್ಲಿ ಕುಯ್ದಂಗೆ ಇರಲ್ಲ ಕಣಪ್ಪ, ಇದು ಮೊಲ” ಎಂದರು.

ದನಕುರಿಗಳಿಗೂ ಜಿಂಕೆಗೂ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ ಅವು ಚಿಗುರನ್ನು ಎಳೆದು ಹರಿಯುತ್ತವೆ, ಹರಿದ ತುದಿ ನಾರುನಾರಾಗಿ ಉಳಿಯುತ್ತದೆ. ಮೊಲಕ್ಕಾದರೋ ಮೇಲೂ ಕೆಳಗೂ ಉಳಿಯಂಥ ಹಲ್ಲುಗಳಿವೆ, ಮೇಲಿನ ಜೋಡಿಯ ಹಿಂದೆ ಇನ್ನೊಂದು ಪುಟ್ಟ ಜೋಡಿಯೂ ಇದೆ. ಅದು ಕಚ್ಚಿದ ಕಾಂಡ ಓರೆಯಾಗಿ, ನುಣ್ಣಗೆ ತುಂಡಾಗಿರುತ್ತದೆ. ಇಲಿಯೂ ಹೀಗೆಯೇ ಕತ್ತರಿಸಬಲ್ಲದಾದ್ದರಿಂದ ಸುತ್ತ ಬಿದ್ದಿರುವ ಹಿಕ್ಕೆಯನ್ನೂ ನೋಡಬೇಕು: ಇಲಿಯದು ನೀಳ, ಮೊಲದ್ದು ಗುಂಡಗೆ, ಒಣಗಿದ್ದನ್ನು ಒಡೆದರೆ ಒಳಗೆ ಹುಲ್ಲಿನ ಪುಡಿಯೇ ಕಾಣುತ್ತದೆ.

ನಮ್ಮ ಕಡೆಯ ಮೊಲ ಸಾಕುಮೊಲದ ಜಾತಿಯದಲ್ಲ. ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಕಾಡುಮೊಲ. ಬೀರೂರು, ಬಾಸೂರಿನ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದು ಬಿಲ ತೋಡುವುದಿಲ್ಲ, ಹುಲ್ಲು ಅದುಮಿ ಮಾಡಿಕೊಂಡ ತಗ್ಗಿನಲ್ಲಿ ಹಗಲು ಕಳೆದು ಮುಸ್ಸಂಜೆಗೆ ಮೇವಿಗೆ ಹೊರಡುತ್ತದೆ. ನಮ್ಮ ಬೇಲಿಯಾಚೆಯ ಲಂಟಾನದ ಬುಡದಲ್ಲಿಯೇ ಅಂಥದೊಂದು ತಗ್ಗು ಸಿಕ್ಕಿತು. ಬೊಗಸೆಯಷ್ಟೇ ಅಗಲ, ನಡುವೆ ಒಂದೆರಡು ಕಂದು ಕೂದಲು. ಉರುಲು ಹಾಕಿಕೊಡುತ್ತೇನೆಂದು ಊರಿನ ಹುಡುಗನೊಬ್ಬ ಮುಂದೆ ಬಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವೆಂದು ತಿಳಿಹೇಳಿ ಕಳುಹಿಸಿದೆ. ಅಪರಾಧ ಅಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲವೆನ್ನುವುದು ಬೇರೆ ಮಾತು.

ಕ್ಷೌರದಂಗಡಿಯ ಕೂದಲು, ಮೆಣಸಿನಕಾಯಿ ನೀರು, ಗೂಟಕ್ಕೆ ಕಟ್ಟಿದ ಹಳೆಯ ಸೀರೆ ಎಲ್ಲವನ್ನೂ ನೋಡಿದ್ದಾಯಿತು. ವಾಸನೆಯ ಮದ್ದುಗಳು ಒಂದು ಮಳೆಗೆ ತೊಳೆದುಹೋಗುತ್ತವೆ. ಸೀರೆಯ ಪಕ್ಕದಲ್ಲಿಯೇ ನಾಲ್ಕನೆಯ ದಿನ ಹಿಕ್ಕೆ ಬಿದ್ದಿತ್ತು. ನುಸಿಗುಳಿಗೆ ಹಾಕಿ ಎಂದವರೂ ಉಂಟು, ಆದರೆ ತಿನ್ನುವ ತರಕಾರಿಯ ಮಣ್ಣಿಗೆ ಅಂಥ ವಿಷ ಬೆರೆಸುವುದಕ್ಕೆ ಮನಸ್ಸಾಗಲಿಲ್ಲ.

ಕೊನೆಗೆ ಕೈಹಿಡಿದದ್ದು ಚಿಕನ್ ಮೆಶ್. ಅದರಲ್ಲಿಯೂ ಮೊದಲು ಎಡವಿದೆ. ಮೊಲ ನುಗ್ಗುವುದಿಲ್ಲವೆಂದು ಅಂಗಡಿಯವರು ಕೊಟ್ಟ ಎರಡಿಂಚು ಕಣ್ಣಿನ ಜಾಲರಿಯಲ್ಲಿ ದೊಡ್ಡದು ನುಗ್ಗಲಿಲ್ಲ, ಮರಿ ಸರಾಗವಾಗಿ ನುಗ್ಗಿತು. ಕತ್ತರಿಸಿದ ಮಾಲು ವಾಪಸ್ ಪಡೆಯುವುದಿಲ್ಲವೆಂದರು. ಅದು ಈಗ ಹೀರೆಬಳ್ಳಿಗೆ ಚಪ್ಪರವಾಗಿದೆ. ಒಂದಿಂಚು ಕಣ್ಣಿನದನ್ನು ತಂದು, ಈಗಾಗಲೇ ಇದ್ದ ಕಲ್ಲುಕಂಬ ಮತ್ತು ಮುಳ್ಳುತಂತಿಯ ಕೆಳಭಾಗಕ್ಕೆ ಮೂರಡಿ ಎತ್ತರಕ್ಕೆ ಬಿಗಿದೆ. ಬುಡದಲ್ಲಿ ಅರ್ಧ ಅಡಿಯಷ್ಟು ಜಾಲರಿಯನ್ನು ಹೊರಮುಖವಾಗಿ ಮಡಿಸಿ, ಮೇಲೆ ಮಣ್ಣೆಳೆದು ಕಲ್ಲು ಹೇರಿದ್ದೇನೆ. ಬೇಲಿಯ ಬುಡಕ್ಕೆ ಬಂದು ಮೂತಿಯಿಂದ ತಳ್ಳುವ ಪ್ರಾಣಿ ತಾನೇ ನಿಂತ ಜಾಲರಿಯನ್ನು ಎತ್ತಲಾರದು ಎನ್ನುವುದಷ್ಟೇ ಇದರ ಗುಟ್ಟು. ಬಿಲ ತೋಡದ ಕಾಡುಮೊಲಕ್ಕೆ ಆಳವಾಗಿ ಹೂಳುವ ಶ್ರಮ ಬೇಕಾಗಲಿಲ್ಲ. ಎಳೆಯ ಸೀಬೆ ಸಸಿಗಳ ಸುತ್ತ ಮಾತ್ರ ಮಿಕ್ಕ ತುಂಡುಗಳನ್ನು ಕಾಂಡಕ್ಕೆ ತಾಗದಂತೆ ಸುತ್ತಿದ್ದೇನೆ, ಬೇಸಿಗೆಯಲ್ಲಿ ಹಸಿರು ಸಿಗದಿದ್ದಾಗ ಮೊಲ ತೊಗಟೆಗೂ ಬಾಯಿ ಹಾಕುತ್ತದೆ.

ಎರಡನೆಯ ಸಲ ಬಿತ್ತಿದ ಅವರೆ ಹೂಬಿಟ್ಟು ಕಾಯಿ ಕಟ್ಟಿತು. ಆದರೆ ಮೊನ್ನೆ ಕೊತ್ತಂಬರಿ ಪಾತಿಯಲ್ಲಿ ಮತ್ತೆ ಓರೆ ಕಡಿತ ಕಂಡು ಬೇಲಿಯುದ್ದಕ್ಕೂ ಬಗ್ಗಿ ನೋಡುತ್ತ ಬಂದರೆ, ಹೊಸ ಚಿಲಕದ ಅದೇ ಗೇಟಿನ ಅಡಿಯಲ್ಲಿ ನಾಲ್ಕು ಬೆರಳಿನಷ್ಟು ಸಂದಿಯಿತ್ತು. ಭಾನುವಾರ ಅಲ್ಲಿಗೊಂದು ಹಲಗೆ ಹೊಡೆಯಬೇಕು.