ಹಳದಿ ವೈರಿನ ತಪ್ಪೇನಿಲ್ಲ

"ಮಾತು ಕೇಳ್ತದೆ ಕಣ್ಲಾ ಮಗ, ಮುಖ ಕಾಣಲ್ಲ" ಅಂತ ಅಜ್ಜಿ ಫೋನಿನಲ್ಲಿ ಅಂದಾಗ ಕಣ್ಣಿನ ಪೊರೆ ಇರಬೇಕು ಎಂದು ಗಾಬರಿಯಾದೆ. ಟಿ.ವಿ. ವಿಷಯವಂತೆ. ಶನಿವಾರ ಮೈಸೂರಿನಿಂದ ಬಸ್ಸು ಹತ್ತಿ ಮಂಡ್ಯದ ಪಕ್ಕದ ನಮ್ಮೂರಿಗೆ ಹೋದೆ.

ಅಜ್ಜಿ ನೋಡುವುದೇ ಒಂದು ಚಾನೆಲ್ಲು. ಅದರಲ್ಲಿ ಭಜನೆ ಸ್ಪಷ್ಟವಾಗಿ ಕೇಳುತ್ತಿತ್ತು, ಪರದೆ ಮಾತ್ರ ಕಪ್ಪು. ಡಿಶ್ಶಿನ ಸೆಟ್‌ಟಾಪ್ ಬಾಕ್ಸಿನ ಹಿಂದೆ ಮೂರು ಪಿನ್ನು: ಕೆಂಪು, ಬಿಳಿಯಲ್ಲಿ ಧ್ವನಿ, ಹಳದಿಯಲ್ಲಿ ಚಿತ್ರ. ಅಂದಮೇಲೆ ಹಳದಿಯದ್ದೇ ಕಿತಾಪತಿ! ಬಟ್ಟೆಯಲ್ಲಿ ಒರೆಸಿದೆ, ಬ್ಲೇಡಿನಲ್ಲಿ ಕೆರೆದೆ, ವೈರನ್ನೇ ಬದಲಿಸಿದೆ. ಅಷ್ಟರಲ್ಲಿ ಚಿಕ್ಕಪ್ಪ "ಗರಿ ಅಡ್ಡ ಬಂದದೆ" ಅಂದರು. ಆಗ್ನೇಯಕ್ಕೆ ಮುಖ ಮಾಡಿದ ಡಿಶ್ಶಿನ ಎದುರಿದ್ದ ಎರಡು ತೆಂಗಿನ ಗರಿ ಸುಮ್ಮನೆ ಬಲಿಯಾದವು.

ಕೊನೆಗೆ ಬಾಕ್ಸನ್ನು ಚೀಲಕ್ಕೆ ಹಾಕಿಕೊಂಡು ಪೇಟೆಬೀದಿಯ ಅಂಗಡಿಗೆ ಹೋದೆ.

"ಮೆನು ಕಾಣುತ್ತಾ ಸಾರ್?"

"ಹೂಂ, ಚೆನ್ನಾಗೇ ಕಾಣುತ್ತೆ."

"ಮೆನೂನೂ ಅದೇ ಹಳದಿ ವೈರಲ್ಲೇ ಬರೋದು, ಮತ್ತೆ ವೈರಿಗೇನಾಗದೆ?"

ನಾನು ಸುಮ್ಮನಾದೆ. ಅವನೇ ಹೇಳಿದ: "ಈ ಬಾಕ್ಸಿಗೆ ಗೊತ್ತಿರೋದು ಎಂಪೆಗ್-2, ಚಿತ್ರ ಕುಗ್ಗಿಸಿ ಕಳ್ಸೋ ಹಳೇ ವಿಧಾನ. ಚಾನೆಲ್ನೋರು ಚಿತ್ರಾನ ಹೊಸ ವಿಧಾನ ಎಂಪೆಗ್-4ಗೆ ಹಾಕವ್ರೆ. ಧ್ವನಿ ಹಳೇ ಥರಾನೇ ಬುಟ್ಟವ್ರೆ, ಅದ್ಕೇ ಕೇಳ್ತದೆ."

ಅದೇ ಚಿತ್ರ ಎಂಪೆಗ್-4ರಲ್ಲಿ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಉಪಗ್ರಹದಲ್ಲಿ ಜಾಗವೆಂದರೆ ದುಡ್ಡು, ಅವರು ಬದಲಾಯಿಸಿದ್ದು ಸಹಜವೇ. ಆದರೆ ಚಿತ್ರ ಬಿಡಿಸುವ ಕೆಲಸ ಬಾಕ್ಸಿನೊಳಗಿನ ಚಿಪ್ಪಿನದು. ಹಳೆಯ ಚಿಪ್ಪಿಗೆ ಹೊಸ ಪಾಠ ಹೇಳಿಕೊಡಲು ಬರುವುದಿಲ್ಲ. 36,000 ಕಿ.ಮೀ. ಮೇಲಿಂದ ಬರುವುದನ್ನು ಹಿಡಿಯುವ ಡಿಶ್ಶು, ಅದರ ಮೂತಿಯಲ್ಲಿ ಸಂಕೇತ ಪಡೆದು ಕೇಬಲ್ಲಿಗೆ ಕೊಡುವ ಎಲ್‌ಎನ್‌ಬಿ, ಕೇಬಲ್ಲು ಎಲ್ಲ ಹಳೆಯವೇ ಸಾಕು. ಬಾಕ್ಸು ಮಾತ್ರ ಹೊಸದು ಬೇಕು. ಸಾವಿರದ ಇನ್ನೂರು ಕೊಟ್ಟು ತಂದೆ.

ಸಂಜೆಗೆ ಮುಖ ಕಂಡಿತು. ಭಜನೆಯವರನ್ನು ನೋಡಿ ಅಜ್ಜಿ, "ಇವ್ನು ಇಷ್ಟ್ ವಯಸ್ಸಾದವ್ನಾ? ಗಂಟ್ಲು ಕೇಳಿ ಹುಡ್ಗ ಅನ್ಕಂಡಿದ್ದೆ" ಅಂದರು.

ಹಳೆಯ ಬಾಕ್ಸನ್ನು ಗುಜರಿಗೆ ಹಾಕೋಣ ಎಂದೆ.

"ಕೆಟ್ಟದಾ?"

"ಇಲ್ಲ ಅಜ್ಜಿ."

"ಮತ್ಯಾಕ್ಲಾ ಬಿಸಾಕೀಯೆ?"

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಿಮೋಟನ್ನೂ ಜೊತೆಗಿಟ್ಟು ಕಟ್ಟಿಕೊಟ್ಟರು. ಅಟ್ಟಕ್ಕೆ ಹತ್ತಿ ಕೈಯಾಡಿಸಿದರೆ ಧೂಳಿನಲ್ಲಿ ಏನೋ ಚುಚ್ಚಿತು. ಡಿಶ್ಶಿಗಿಂತ ಮುಂಚೆ ಹೆಂಚಿನ ಮೇಲೆ ನಿಂತಿದ್ದ ಆ್ಯಂಟೆನಾದ ಅಲ್ಯೂಮಿನಿಯಂ ಕಡ್ಡಿಗಳು. ಅವೂ ಕೆಟ್ಟಿರಲಿಲ್ಲ.