ಅಪ್ಪನ 15ಎಚ್ ಫಾರ್ಮು

2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ ಬಂದಿತ್ತು. ಹಬ್ಬಕ್ಕೆ ಅಂತ ಹಾಸನಕ್ಕೆ ಹೋದವ್ನು ಬುಧವಾರದ ತನಕ ಊರಲ್ಲೇ ಉಳ್ಕೊಂಡೆ, ಯಾಕಂದ್ರೆ ಏಪ್ರಿಲ್ 1ಕ್ಕೆ ಬ್ಯಾಂಕಿನೋರು ವರ್ಷದ ಲೆಕ್ಕ ಮುಗಿಸೋ ದಿನ, ಗಿರಾಕಿಗಳಿಗೆ ಬಾಗಿಲು ತೆಗೆಯಲ್ಲ, 2ನೇ ತಾರೀಖು ಬೆಳಿಗ್ಗೆನೇ ಅಪ್ಪನ 15ಎಚ್ ಕೊಟ್ಟು ಬರಬೇಕು ಅಂತ ಈ ಸಲ ಹಠ ಹಿಡಿದಿದ್ದೆ. ಕಟ್ಟೋ ಟ್ಯಾಕ್ಸ್ ಇಲ್ಲದ ಅರವತ್ತಾದೋರು, ಬಡ್ಡಿಯಲ್ಲಿ ಟಿಡಿಎಸ್, ಅಂದ್ರೆ ಮುಂಚೇನೇ ಮುರ್ಕೊಳ್ಳೋ ಟ್ಯಾಕ್ಸ್, ಹಿಡೀಬೇಡಿ ಅಂತ ಬ್ಯಾಂಕಿಗೆ ಆಗ ಬರ್ಕೊಡ್ತಿದ್ದ ಫಾರ್ಮು ಅದು.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು. ಬೋರ್ಡ್ ಮೇಲೆ ಅವ್ರು ಬರೀತಿದ್ದ ಅಕ್ಷರನ ಹಳೇ ಸ್ಟೂಡೆಂಟ್ಸ್ ಈಗ್ಲೂ ನೆನೆಸ್ಕೋತಾರೆ. ಮೂರು ವರ್ಷದಿಂದ ಬಲಗೈ ನಡುಗುತ್ತೆ. 2023ರಲ್ಲಿ ಫಾರ್ಮ್ ಅವ್ರೇ ಪೆನ್ನಲ್ಲಿ ತುಂಬಿ ಕೊಟ್ಟಿದ್ರು, ಒಂದು ಎಫ್‌ಡಿ ನಂಬರ್‌ನಲ್ಲಿ 1 ಬರೆದಿದ್ದು 7ರ ಥರ ಕಂಡಿದೆ, ಬ್ಯಾಂಕಲ್ಲಿ ಆ ಎಫ್‌ಡಿ ಒಂದನ್ನ ಸೇರಿಸ್ಕೊಳ್ದೆ ಬಿಟ್ಟು 31 ಸಾವಿರ ಬಡ್ಡಿಗೆ ನೂರಕ್ಕೆ ಹತ್ತರಂತೆ 3,100 ರೂಪಾಯಿ ಟಿಡಿಎಸ್ ಹಿಡಿದಿದ್ರು. ಕಟ್ಟೋ ಟ್ಯಾಕ್ಸೇ ಇಲ್ದಿರೋ ಮನುಷ್ಯ ತನ್ನ ದುಡ್ಡು ವಾಪಸ್ ತಗೊಳ್ಳೋಕೆ ರಿಟರ್ನ್ ಫೈಲ್ ಮಾಡಿ ತಿಂಗಳುಗಟ್ಟಲೆ ಕಾಯಬೇಕಾಯ್ತು. "ನನ್ ಅಕ್ಷರದಿಂದಾನೇ ಹಿಂಗಾಯ್ತಲ್ಲೋ" ಅಂದ್ರು ಅಪ್ಪ, ಆ ಮಾತು ನನಗೆ ಹೊಟ್ಟೆ ಕಿವುಚಿದ ಹಾಗಾಗಿತ್ತು.

ಮಂಗಳವಾರ ರಾತ್ರಿ ಊಟ ಆದ್ಮೇಲೆ ಫಾರ್ಮ್‌ನ ಪಿಡಿಎಫ್ ಇಳಿಸ್ಕೊಂಡೆ. ಕ್ಲಿಕ್ ಮಾಡಿದ್ರೆ ಟೈಪ್ ಮಾಡೋಕೆ ಬರೋ ಫಾರ್ಮ್ ಅಲ್ಲ ಅದು, ಪ್ರಿಂಟ್ ತೆಗೆದು ಪೆನ್ನಲ್ಲಿ ತುಂಬೋಕೆ ಅಂತ ಮಾಡಿರೋದು. ಎಡಿಟ್ ಮಾಡೋ ಆಪ್‌ಗಳು ತಿಂಗಳಿಗಿಷ್ಟು ಅಂತ ದುಡ್ಡು ಕೇಳ್ತಾವೆ. ನನ್ನ ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಅದರ ಜೊತೆ ಪುಕ್ಕಟೆ ಬಂದಿರೋ ಲಿಬ್ರೆಆಫೀಸ್ ಇದೆ, ಅದರಲ್ಲಿರೋ ಡ್ರಾ ಅನ್ನೋ ಚಿತ್ರ ಬಿಡಿಸೋ ಆಪ್‌ನಲ್ಲಿ ಪಿಡಿಎಫ್ ತೆಗೆದೆ. ತೆಗೆದ್ರೆ ಫಾಂಟ್ ಬದಲಾಗಿ ಸಾಲುಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತಿವೆ, ಕೆಳಗಿನ ಡಿಕ್ಲರೇಷನ್ ಮಾತು ಅರ್ಧ ಬಾಕ್ಸ್ ಆಚೆ ಹೋಗಿದೆ. ಸುಳ್ಳು ಬರೆದು ಸೈನ್ ಮಾಡಿದ್ರೆ ಆಗಿನ ಆದಾಯ ತೆರಿಗೆ ಕಾನೂನಿನ ಸೆಕ್ಷನ್ 277ರಲ್ಲಿ ಜೈಲು ತನಕ ಹೋಗೋ ಕಾಗದ ಅದು, ಅದರಲ್ಲಿ ಅಚ್ಚಾಗಿರೋ ಒಂದಕ್ಷರನೂ ನಾನು ಅಲ್ಲಾಡಿಸಬಾರದು ಅನ್ನಿಸ್ತು. ಅದಕ್ಕೆ ಪೇಜನ್ನ ಚಿತ್ರ ಮಾಡ್ಕೊಂಡು ಒಂದು ಲೇಯರ್‌ನಲ್ಲಿ, ಅಂದ್ರೆ ಒಂದು ಪದರದಲ್ಲಿಟ್ಟು ಲಾಕ್ ಮಾಡಿದೆ, ಅದರ ಮೇಲೆ ಇನ್ನೊಂದು ಲೇಯರ್ ತೆಗೆದು ಅದರಲ್ಲಿ ಮಾತ್ರ ಟೈಪ್ ಮಾಡಿದೆ.

ಪ್ಯಾನ್‌ಗೆ ಹತ್ತು ಪುಟ್ಟ ಚೌಕ ಇತ್ತು. ಮಾಮೂಲಿ ಫಾಂಟಲ್ಲಿ ಟೈಪ್ ಮಾಡಿದ್ರೆ ಡಬ್ಲ್ಯೂ ಅಗಲ, ಐ ಸಣ್ಣ, ಮೂರನೇ ಚೌಕ ದಾಟೋಷ್ಟರಲ್ಲಿ ಅಕ್ಷರ ಗೆರೆ ಮೇಲೆ ಬಂದು ಕೂರುತ್ತೆ. ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರೋ ಲಿಬರೇಷನ್ ಮೊನೊ ಹಾಕಿ, ಅಕ್ಷರದ ನಡುವಿನ ಜಾಗನ ಸ್ವಸ್ವಲ್ಪ ಹೆಚ್ಚಿಸ್ತಾ ಹೋದೆ, ಕೊನೆಗೆ ಹತ್ತೂ ಅಕ್ಷರ ಹತ್ತು ಚೌಕದ ನಡುಮಧ್ಯ ನಿಂತ್ಕೊಂಡ್ವು. ಪಕ್ಕದಲ್ಲಿ ಕೂತು ನೋಡ್ತಿದ್ದ ಅಪ್ಪ "ಕಾಪಿ ಪುಸ್ತಕದಲ್ಲಿ ಬರೆದಂಗಿದೆ" ಅಂದ್ರು.

ಆಮೇಲೆ ಎಫ್‌ಡಿ ರಸೀದಿಗಳನ್ನ ಅವ್ರು ಒಂದೊಂದಂಕೆ ಓದಿದ್ರು, ನಾನು ಟೈಪ್ ಮಾಡಿ ತಿರುಗಿ ಓದಿ ಹೇಳಿದೆ. ಪ್ರೀವಿಯಸ್ ಇಯರ್ ಅನ್ನೋ ಕಡೆ ಅಪ್ಪ "ಹೋದ ವರ್ಷ ಅಲ್ವೇನೋ, 2024-25 ಹಾಕು" ಅಂದ್ರು. ಇಲ್ಲಪ್ಪ, ಈಗ ಬಡ್ಡಿ ಬರೋ ವರ್ಷಕ್ಕೇ ಆ ಕಾನೂನಲ್ಲಿ ಪ್ರೀವಿಯಸ್ ಇಯರ್ ಅನ್ನೋದು, 2025-26 ಹಾಕಬೇಕು ಅಂತ ಬಿಡಿಸಿ ಹೇಳಿದೆ. ಎಷ್ಟೋ ಜನ ಹಿರಿಯರು ಎಡವ್ತಿದ್ದದ್ದು ಇಲ್ಲೇ, ಈ ಪದ ಇಟ್ಟೋರು ವಯಸ್ಸಾದವ್ರ ಬಗ್ಗೆ ಒಂಚೂರು ಯೋಚನೆ ಮಾಡ್ಬೇಕಿತ್ತು. ಆ ಏಪ್ರಿಲ್‌ನಿಂದ ಹಿರಿಯರಿಗೆ ಬ್ಯಾಂಕ್ ಬಡ್ಡಿ ಮೇಲಿನ ಟಿಡಿಎಸ್ ಮಿತಿ 50 ಸಾವಿರದಿಂದ ಒಂದು ಲಕ್ಷಕ್ಕೆ ಏರಿತ್ತು, ಆದ್ರೆ ಅಪ್ಪನ ಬಡ್ಡಿ ಅದಕ್ಕೂ ಸ್ವಲ್ಪ ಮೇಲಿತ್ತು, ಹಾಗಾಗಿ ಫಾರ್ಮ್ ಬೇಕೇ ಬೇಕಿತ್ತು. ಪೋಸ್ಟ್ ಆಫೀಸಲ್ಲಿರೋ ಸೀನಿಯರ್ ಸಿಟಿಜನ್ ಸ್ಕೀಮ್‌ಗೂ ಇನ್ನೊಂದು ಕೊಡಬೇಕು, ಅದಕ್ಕೆ ಇದೇ ಫೈಲನ್ನ ಬೇರೆ ಹೆಸರಲ್ಲಿ ಸೇವ್ ಮಾಡಿ ಅಕೌಂಟ್ ನಂಬರು, ಮೊತ್ತ ಬದಲಾಯಿಸಿ, ಈಗಾಗ್ಲೇ ಕೊಟ್ಟಿರೋ 15ಎಚ್ ಎಷ್ಟು ಅನ್ನೋ ಕಡೆ 1 ಅಂತ ಹಾಕಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ.

ಸೈನ್ ಕೂಡ ಸ್ಕ್ಯಾನ್ ಮಾಡಿ ಅಂಟಿಸ್ಬಹುದಿತ್ತು, ನಾನು ಮಾಡ್ಲಿಲ್ಲ. ಪ್ರಿಂಟ್ ತೆಗೆಸ್ಕೊಂಡು ಬಂದ್ಮೇಲೆ ಅಪ್ಪ ಕನ್ನಡಕ ಒರೆಸ್ಕೊಂಡು ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡ್ಕೊಂಡು ನಿಧಾನಕ್ಕೆ ಸೈನ್ ಹಾಕಿದ್ರು. ಬ್ಯಾಂಕಲ್ಲಿ ಕೌಂಟರ್‌ನಲ್ಲಿದ್ದ ಹುಡುಗಿ ಪೆನ್ನಿನ ತುದಿ ಇಟ್ಕೊಂಡು ನಂಬರ್‌ಗಳನ್ನ ಸ್ಕ್ರೀನ್ ಜೊತೆ ತಾಳೆ ನೋಡಿ, ಏನೂ ಕೇಳದೆ ನಮ್ಮ ಕಾಪಿ ಮೇಲೆ ಸೀಲ್ ಒತ್ತಿ ಕೊಟ್ಳು.

ಸಾಯಂಕಾಲ ಪಕ್ಕದ ಮನೆ ಅತ್ತೆ ತಮ್ಮ ಎಫ್‌ಡಿ ರಸೀದಿಗಳನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಬಂದ್ರು, ಅಪ್ಪ ಆಗ್ಲೇ ಹೇಳಿಬಿಟ್ಟಿದ್ರು ಅನ್ಸುತ್ತೆ. ಹುಟ್ಟಿದ ತಾರೀಖು ಕೇಳಿದ್ರೆ ಅವರಿಗಿನ್ನೂ 58, ಅರವತ್ತಾಗ್ದೆ 15ಎಚ್ ಆಗ ನಡೀತಿರ್ಲಿಲ್ಲ, 15ಜಿ ಬೇಕಿತ್ತು, ಅದರಲ್ಲಿ ಒಟ್ಟು ಬಡ್ಡಿನೂ ಟ್ಯಾಕ್ಸ್ ಇಲ್ಲದ ಮೂಲ ಮಿತಿ ದಾಟಬಾರದಿತ್ತು. ಎಲ್ಲಾ ರಸೀದಿ ಬಡ್ಡಿ ಕೂಡಿದೆ, ಮಿತಿಗಿಂತ ಎಷ್ಟೋ ಕಮ್ಮಿ ಇತ್ತು. "ಕೂತ್ಕೊಳ್ಳಿ ಅತ್ತೆ" ಅಂದು ಖಾಲಿ 15ಜಿ ಇಳಿಸ್ಕೊಂಡು ಮತ್ತೆ ಆ ಹತ್ತು ಚೌಕ ಜೋಡಿಸೋಕೆ ಶುರು ಮಾಡಿದೆ.